ಎರಡನೆಯ ಪ್ರಶ್ನೆ



ಮರಣವನ್ನು ಜಯಿಸಿ ಎದ್ದ ದಿನ ಯೇಸುಸ್ವಾಮಿ ಯಾರ ಬಳಿಗೆ ಹೋದರು ಎಂದು ಎಂದಾದರೂ ಯೋಚಿಸಿದ್ದೀರಾ? ಪಿಲಾತನ ಅರಮನೆಗೆ ಹೋಗಿ ಅವನನ್ನು ನಡುಗಿಸಬಹುದಿತ್ತು. ಪ್ರಧಾನ ಯಾಜಕರ ಮುಂದೆ ನಿಂತು ಅವರ ಬಾಯಿ ಮುಚ್ಚಿಸಬಹುದಿತ್ತು. ಅದಾವುದನ್ನೂ ಅವರು ಮಾಡಲಿಲ್ಲ. ಸೋತ ಮುಖ ಹೊತ್ತು ಎಮ್ಮಾವು ಎಂಬ ಹಳ್ಳಿಯ ಕಡೆ ನಡೆಯುತ್ತಿದ್ದ ಇಬ್ಬರು ಸಾಮಾನ್ಯ ಶಿಷ್ಯರ ಪಕ್ಕದಲ್ಲಿ ತಾವೂ ಹೆಜ್ಜೆ ಹಾಕಿದರು. ಜೆರುಸಲೇಮಿನಿಂದ ಆ ಹಳ್ಳಿಗೆ ಸುಮಾರು 11 ಕಿಲೋಮೀಟರ್ ದಾರಿ. ಆ ಇಬ್ಬರಲ್ಲಿ ಒಬ್ಬನ ಹೆಸರು ಕ್ಲೆಯೋಫ. ಇನ್ನೊಬ್ಬರ ಹೆಸರನ್ನು ಸಂತ ಲೂಕರು ಹೇಳಿಲ್ಲ. ಜೊತೆಗೂಡಿದ ಮೂರನೆಯವರು ಯಾರೆಂದು ಅವರಿಗೆ ತಿಳಿಯಲಿಲ್ಲ. ಅವರ ಪಾಲಿಗೆ ಆತ ದಾರಿಯಲ್ಲಿ ಸಿಕ್ಕ ಒಬ್ಬ ಅಪರಿಚಿತ, ಅಷ್ಟೇ.

ಆ ಅಪರಿಚಿತರು ಮಾಡಿದ ಮೊದಲ ಕೆಲಸ ಯಾವುದು? ಉಪದೇಶ ಅಲ್ಲ, ಅದ್ಭುತವೂ ಅಲ್ಲ. ಅವರು ಒಂದು ಪ್ರಶ್ನೆ ಕೇಳಿದರು. ದಾರಿಯುದ್ದಕ್ಕೂ ನೀವು ಮಾತನಾಡಿಕೊಳ್ಳುತ್ತಿರುವುದು ಯಾವ ವಿಷಯ ಎಂದು ವಿಚಾರಿಸಿದರು. ಶಿಷ್ಯರು ನಡೆಯುವುದನ್ನು ನಿಲ್ಲಿಸಿದರು. ಅವರ ಮುಖ ಬಾಡಿತ್ತು. ಕ್ಲೆಯೋಫ ಕೊಟ್ಟ ಉತ್ತರದಲ್ಲಿ ಸ್ವಲ್ಪ ಸಿಡುಕೂ ಇತ್ತು. ಊರಿಗೆಲ್ಲ ಗೊತ್ತಿರುವ ಸಂಗತಿ ನಿನಗೊಬ್ಬನಿಗೆ ಗೊತ್ತಿಲ್ಲವೇ ಎಂಬ ಧಾಟಿ ಅವನದು. ನಾವಾಗಿದ್ದರೆ ಅಲ್ಲಿಗೇ ಸುಮ್ಮನಾಗುತ್ತಿದ್ದೆವು. ಕೇಳಿದ್ದೇ ತಪ್ಪಾಯಿತು ಎಂದುಕೊಂಡು ಮುಂದೆ ನಡೆದುಬಿಡುತ್ತಿದ್ದೆವು.

ಯೇಸುಸ್ವಾಮಿ ಹಾಗೆ ಮಾಡಲಿಲ್ಲ. ಎರಡನೆಯ ಪ್ರಶ್ನೆ ಕೇಳಿದರು. ಏನು ನಡೆಯಿತು ಎಂದರು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ನಡೆದದ್ದೆಲ್ಲ ನಡೆದದ್ದು ಅವರಿಗೇ. ಮೊಳೆಯ ಗುರುತು ಅವರ ಕೈಗಳಲ್ಲೇ ಇತ್ತು. ಆ ಶುಕ್ರವಾರ ಏನಾಯಿತೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಲೋಕದಲ್ಲಿ ಯಾರಿದ್ದರು? ಆದರೂ ಕೇಳಿದರು. ಸುದ್ದಿ ತಿಳಿಯಬೇಕೆಂದಲ್ಲ, ಅವರ ಎದೆಯ ಭಾರ ಇಳಿಯಲೆಂದು ಕೇಳಿದರು. ಆಗ ಶಿಷ್ಯರ ಬಾಯಿಂದ ಎಲ್ಲವೂ ಹೊರಬಂತು: ತಾವಿಟ್ಟಿದ್ದ ನಂಬಿಕೆ, ಶಿಲುಬೆ, ಮೂರು ದಿನ ಕಳೆದ ನಿರಾಶೆ, ಬೆಳಗ್ಗೆ ಸಮಾಧಿಗೆ ಹೋಗಿ ಬಂದ ಹೆಂಗಸರ ಮಾತು. ಯೇಸುಸ್ವಾಮಿ ಅದನ್ನೆಲ್ಲ ಪೂರ್ತಿ ಕೇಳಿಸಿಕೊಂಡರು. ಪವಿತ್ರಗ್ರಂಥದ ಅರ್ಥವನ್ನು ಬಿಡಿಸಿ ಹೇಳಿದ್ದು ಆಮೇಲೆ.

ನಮ್ಮ ಕನ್ನಡದಲ್ಲಿ ‘ಕೇಳು’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಪ್ರಶ್ನೆ ಮಾಡುವುದೂ ಕೇಳುವುದೇ, ಉತ್ತರಕ್ಕೆ ಕಿವಿಗೊಡುವುದೂ ಕೇಳುವುದೇ. ನಮ್ಮಲ್ಲಿ ಬಹಳ ಮಂದಿ ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟುಬಿಡುತ್ತೇವೆ. ಎಮ್ಮಾವಿನ ದಾರಿಯಲ್ಲಿ ಪ್ರಭು ಎರಡನ್ನೂ ಮಾಡಿದರು.

ನಮ್ಮ ಎಮ್ಮಾವಿನ ದಾರಿ

ಇಂದು ನಮ್ಮ ಜನರ ಎಮ್ಮಾವಿನ ದಾರಿ ಯಾವುದು? ಅನೇಕರಿಗೆ ಅದು ರೈಲಿನ ದಾರಿ. ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳನ್ನು ನೆನಪಿಸಿಕೊಳ್ಳಿ. ಚಿನ್ನದ ಗಣಿಗಾಗಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ 1894ರಲ್ಲಿ ರೈಲು ಹಳಿ ಬಂತು. ಆಗ ಕೆಲಸ ಹುಡುಕಿಕೊಂಡು ಜನ ಹೊರಗಿನಿಂದ ಕೋಲಾರದ ಗಣಿಗೆ ಬರುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಲ್ಲಿಂದೀಚೆಗೆ ಅದೇ ಹಳಿಯ ಮೇಲೆ ಜನ ಕೆಲಸ ಹುಡುಕಿಕೊಂಡು ಬೆಂಗಳೂರಿನ ಕಡೆ ಹೊರಟರು. ಬೆಳಕು ಹರಿಯುವ ಮುನ್ನವೇ ಮನೆ ಬಿಟ್ಟು, ಬಂಗಾರಪೇಟೆ, ಟೇಕಲ್, ಮಾಲೂರು, ವೈಟ್‌ಫೀಲ್ಡ್, ಕೃಷ್ಣರಾಜಪುರ ದಾಟಿ ಹೋಗಿ, ಕತ್ತಲಾದ ಮೇಲೆ ಮನೆ ಸೇರುವ ಸಾವಿರಾರು ಜನ ಅಲ್ಲಿದ್ದಾರೆ. ಅವರಲ್ಲಿ ನಮ್ಮ ಧರ್ಮಕೇಂದ್ರಗಳ ಮಕ್ಕಳೂ ಬಹಳಷ್ಟು ಮಂದಿ.

ಈ ದಾರಿಯ ಪ್ರಯಾಣಿಕರನ್ನು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ತಿಂಗಳ ಪಾಸು ಮಾಡಿಸಿಕೊಂಡವರು ವರ್ಷಗಟ್ಟಲೆ ಒಂದೇ ಬೋಗಿಯಲ್ಲಿ ಎದುರುಬದುರು ಕೂರುತ್ತಾರೆ. ಯಾರು ಯಾವ ನಿಲ್ದಾಣದಲ್ಲಿ ಹತ್ತುತ್ತಾರೆ, ಯಾರ ಚೀಲದ ಬಣ್ಣ ಯಾವುದು, ಯಾರು ಎಲ್ಲಿ ನಿದ್ದೆಗೆ ಜಾರುತ್ತಾರೆ ಎಲ್ಲವೂ ಗೊತ್ತು. ಹೆಸರು ಮಾತ್ರ ಗೊತ್ತಿಲ್ಲ. ಮೊದಲು ಅಡ್ಡವಾಗಿ ಹಿಡಿದ ದಿನಪತ್ರಿಕೆ ಇರುತ್ತಿತ್ತು, ಈಗ ಕೈಯಲ್ಲಿ ಮೊಬೈಲ್ ಇದೆ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತವರ ನಡುವೆ ಎಷ್ಟು ದೂರ!

ರೈಲು ದೇವರು ಮಾತನಾಡುವ ಸ್ಥಳವೇ ಎಂದು ಯಾರಾದರೂ ಕೇಳಬಹುದು. 1946ರ ಸೆಪ್ಟೆಂಬರ್ 10ರಂದು ಕಲ್ಕತ್ತೆಯಿಂದ ಡಾರ್ಜಿಲಿಂಗ್‌ಗೆ ಹೊರಟಿದ್ದ ಲೊರೆಟೊ ಸಭೆಯ ಕನ್ಯಾಸ್ತ್ರೀ ಒಬ್ಬರಿಗೆ ರೈಲಿನಲ್ಲೇ ದೇವರ ಕರೆ ಬಂತು. ಬಡವರಲ್ಲಿ ಬಡವರ ನಡುವೆ ಹೋಗಿ ಬದುಕಬೇಕೆಂಬ ಕರೆ ಅದು. ಆಕೆಯೇ 2016ರಲ್ಲಿ ಸಂತರೆಂದು ಘೋಷಿತರಾದ ಮದರ್ ತೆರೇಸಾ. ಅವರ ಸಭೆಯವರು ಇಂದಿಗೂ ಸೆಪ್ಟೆಂಬರ್ 10ನ್ನು ಪ್ರೇರಣೆಯ ದಿನವೆಂದು ಆಚರಿಸುತ್ತಾರೆ. ಗುಡಿಯ ಗಂಟೆಯ ಸದ್ದಿನಲ್ಲಿ ಕರೆಯುವ ದೇವರು ರೈಲಿನ ಗಡಗಡ ಸದ್ದಿನಲ್ಲೂ ಕರೆಯಬಲ್ಲರು.

“ಏನು ತಿಂಡಿ?”

ಹಲವು ವರ್ಷಗಳ ಹಿಂದೆ ಕೆಲವು ತಿಂಗಳ ಕಾಲ ನಾನು ಆ ಮಾರಿಕುಪ್ಪಂ ರೈಲಿನಲ್ಲಿ ಓಡಾಡುತ್ತಿದ್ದೆ. ಉರಿಗಾಂನಲ್ಲಿ ಒಬ್ಬ ಹಿರಿಯರು ಹತ್ತುತ್ತಿದ್ದರು. ಅರವತ್ತರ ಆಸುಪಾಸಿನ ವಯಸ್ಸು, ಮಾಸಿದ ಪ್ಯಾಂಟು, ಹೆಗಲ ಮೇಲೊಂದು ಟವೆಲು, ಕೈಯಲ್ಲಿ ಎರಡು ಡಬ್ಬಿಯ ಸ್ಟೀಲ್ ಕ್ಯಾರಿಯರ್. ಖಾಲಿ ಜಾಗ ಕಂಡರೂ ಅವರು ಕೂಡಲೇ ಕೂರುತ್ತಿರಲಿಲ್ಲ. ಬೋಗಿಯ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನಡೆದು, ಎಲ್ಲರ ಮುಖ ನೋಡಿ, ಯಾರ ಜೊತೆಗೂ ಸೇರದೆ ಮೂಲೆಯಲ್ಲಿ ಕುಳಿತ ಒಬ್ಬರ ಪಕ್ಕಕ್ಕೆ ಹೋಗಿ ಕೂರುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು “ತಿಂಡಿ ಆಯ್ತಾ?” ಎನ್ನುತ್ತಿದ್ದರು. “ಆಯ್ತು” ಎಂಬ ಉತ್ತರ ಬರುತ್ತಿತ್ತು. ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು “ಏನು ತಿಂಡಿ?” ಎಂದು ಕೇಳುತ್ತಿದ್ದರು.

ಹುಡುಗರು ಅವರಿಗೆ ‘ತಿಂಡಿ ತಾತ’ ಎಂದು ಹೆಸರಿಟ್ಟಿದ್ದರು. ವಿಮೆ ಏಜೆಂಟರಿರಬೇಕು ಎಂದು ಒಬ್ಬರು, ಚೀಟಿ ನಡೆಸುವವರಿರಬೇಕು ಎಂದು ಇನ್ನೊಬ್ಬರು, ಮಗಳಿಗೆ ವರ ಹುಡುಕುತ್ತಿದ್ದಾರೆ ಎಂದು ಮತ್ತೊಬ್ಬರು. ಆದರೆ ಅವರು ಯಾರಿಗೂ ಏನನ್ನೂ ಮಾರಿದ್ದನ್ನು ಯಾರೂ ನೋಡಿರಲಿಲ್ಲ.

ಒಂದು ಬೆಳಗ್ಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಮಹಿಳೆಯೊಬ್ಬಳ ಎದುರು ಅವರು ಕುಳಿತಿದ್ದರು. “ತಿಂಡಿ ಆಯ್ತೇನಮ್ಮ?” “ಆಯ್ತಣ್ಣ.” “ಏನು ತಿಂಡಿ?” ಆಕೆ ಉತ್ತರ ಕೊಡಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವರು ಏನನ್ನೂ ವಿಚಾರಿಸದೆ ಕ್ಯಾರಿಯರ್ ಬಿಚ್ಚಿ, ಮುಚ್ಚಳಕ್ಕೆ ಚಿತ್ರಾನ್ನ ಹಾಕಿ ಕೊಟ್ಟರು. ಟೇಕಲ್‌ನಿಂದ ಮಾಲೂರಿನವರೆಗೆ ಆಕೆ ತಿಂದಳು. ಮಾಲೂರಿನಿಂದ ಮುಂದೆ ಮಾತನಾಡಿದಳು. ಅವರು ತಲೆ ತಗ್ಗಿಸಿ ಕೇಳುತ್ತಾ ಕುಳಿತಿದ್ದರು.

ಮತ್ತೊಂದು ದಿನ ನನಗೆ ಅವರ ಪಕ್ಕದಲ್ಲೇ ಜಾಗ ಸಿಕ್ಕಿತು. “ಯಜಮಾನರೇ, ದಿನಾ ಇದೇನು ನಿಮ್ಮ ವ್ರತ?” ಎಂದು ಕೇಳಿದೆ.

“ವ್ರತ ಅಲ್ಲ ಸಾರ್, ಸಾಲ ತೀರಿಸ್ತಾ ಇದ್ದೀನಿ” ಎಂದರು.

ಗಣಿ ಮುಚ್ಚುವವರೆಗೆ ಅವರು ಅಲ್ಲೇ ದುಡಿದವರು. ಆಮೇಲೆ ವೈಟ್‌ಫೀಲ್ಡ್ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಕೆಲಸ. ಅವರ ಎದುರು ಸೀಟಿನಲ್ಲಿ ಎಂಟು ತಿಂಗಳು ಒಬ್ಬ ಹುಡುಗ ಕೂರುತ್ತಿದ್ದನಂತೆ. ಇಪ್ಪತ್ತೈದು ದಾಟದ ವಯಸ್ಸು. “ದಿನಾ ‘ತಿಂಡಿ ಆಯ್ತೇನಪ್ಪ’ ಅಂತ ಕೇಳ್ತಿದ್ದೆ. ‘ಆಯ್ತು ಅಂಕಲ್’ ಅಂತಿದ್ದ. ನಾನು ಟವೆಲ್ ಮುಖಕ್ಕೆ ಹಾಕ್ಕೊಂಡು ಮಲಗಿಬಿಡ್ತಿದ್ದೆ. ಒಂದು ವಾರ ಅವನು ಬರಲಿಲ್ಲ. ಆಮೇಲೆ ಯಾರೋ ಹೇಳಿದರು, ಪ್ರಾಣ ಕಳ್ಕೊಂಡನಂತೆ ಅಂತ. ಮನೆ ಹುಡುಕ್ಕೊಂಡು ಹೋದೆ. ಹೆಸರು ಗೊತ್ತಿಲ್ಲದೆ ಹೇಗೆ ಹುಡುಕೋದು ಹೇಳಿ? ಎರಡು ಭಾನುವಾರ ಅಲೆದೆ. ಅವರಮ್ಮ ಸಿಕ್ಕಿದ್ರು. ಸಾಲ ಮಾಡ್ಕೊಂಡಿದ್ದನಂತೆ. ಎರಡು ತಿಂಗಳಿಂದ ಬೆಳಗ್ಗೆ ಬಾಯಿಗೆ ಏನೂ ಹಾಕ್ಕೊಳ್ದೇ ಹೋಗ್ತಿದ್ದ ಅಂತ ಆಯಮ್ಮ ಅತ್ತರು. ದಿನಾ ನನಗೆ ‘ಆಯ್ತು’ ಅಂತಿದ್ನಲ್ಲ ಸಾರ್!”

ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದರು: “ಮೊದಲನೇ ಪ್ರಶ್ನೆಗೆ ಎಲ್ಲರೂ ‘ಆಯ್ತು’ ಅಂತಾರೆ. ಅದು ಅಭ್ಯಾಸ. ‘ಏನು ತಿಂಡಿ’ ಅಂದರೆ ಯೋಚನೆ ಮಾಡ್ಬೇಕಾಗುತ್ತೆ. ಅಲ್ಲಿ ಸುಳ್ಳು ಹೇಳೋದು ಕಷ್ಟ. ಗಣಿಯಲ್ಲಿ ಎಷ್ಟು ಜನ ಇಳಿದರು, ಎಷ್ಟು ಜನ ಮೇಲೆ ಬಂದರು ಅಂತ ಲೆಕ್ಕ ಇಡ್ತಿದ್ರು. ಒಬ್ಬ ಕಡಿಮೆಯಾದರೂ ಹುಡುಕ್ತಿದ್ರು. ಈ ರೈಲಲ್ಲಿ ಯಾರ ಲೆಕ್ಕ ಯಾರು ಇಡ್ತಾರೆ ಸಾರ್?”

ಪ್ರಿಯರೇ, ನೂರು ಕುರಿಗಳಲ್ಲಿ ಒಂದು ಕಳೆದುಹೋದರೆ ತೊಂಬತ್ತೊಂಬತ್ತನ್ನು ಬಿಟ್ಟು ಅದನ್ನು ಹುಡುಕಿಕೊಂಡು ಹೋದ ಕುರುಬನ ಸಾಮತಿಯನ್ನು ನಾವು ಎಷ್ಟು ಸಲ ಕೇಳಿಲ್ಲ? ಒಂದು ಕುರಿ ಕಡಿಮೆಯಾಗಿದೆ ಎಂದು ಆ ಕುರುಬನಿಗೆ ತಿಳಿದದ್ದು ಹೇಗೆ? ಅವನು ಲೆಕ್ಕ ಇಟ್ಟಿದ್ದ. ಆ ಹಿರಿಯರು ನಮ್ಮ ಧರ್ಮದವರಲ್ಲ. ಆ ಸಾಮತಿಯನ್ನು ಅವರು ಓದಿದ್ದರೋ ಇಲ್ಲವೋ ತಿಳಿಯದು. ಬದುಕಿನಲ್ಲಂತೂ ಅದನ್ನು ನಡೆಸುತ್ತಿದ್ದರು.

ಆ ಹುಡುಗನಿಗೆ ಜಾಗ ಇದೆಯೇ?

ನಾನು ಗುರು ಎಂದು ತಿಳಿದ ಮೇಲೆ ಅವರು ಮೆಲ್ಲನೆ ಕೇಳಿದರು: “ಫಾದರ್, ಹಾಗೆ ಹೋದವರಿಗೆ ಮೇಲೆ ಜಾಗ ಇರಲ್ಲ ಅಂತಾರೆ. ನಿಮ್ಮಲ್ಲಿ ಏನು ಹೇಳ್ತಾರೆ?”

ಈ ಪ್ರಶ್ನೆ ನಮ್ಮ ಎಷ್ಟೋ ಮನೆಗಳಲ್ಲೂ ಬಾಯಿಗೆ ಬಾರದೆ ಉಳಿದಿದೆ ಎಂದು ಬಲ್ಲೆ. ಆದ್ದರಿಂದ ಅವರಿಗೆ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತೇನೆ.

ಪ್ರಾಣ ದೇವರ ಕೊಡುಗೆ. ಅದನ್ನು ನಾವಾಗಿ ಕಳೆದುಕೊಳ್ಳುವುದು ದೇವರ ಆಜ್ಞೆಗೆ ವಿರುದ್ಧ. ಧರ್ಮಸಭೆ ಇದನ್ನು ಎಂದೂ ಬಿಟ್ಟುಕೊಟ್ಟಿಲ್ಲ. 1917ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ, ಬೇಕೆಂದೇ ಪ್ರಾಣ ಕಳೆದುಕೊಂಡವರಿಗೆ ಧರ್ಮಸಭೆಯ ಅಂತ್ಯಸಂಸ್ಕಾರ ಸಲ್ಲದೆಂಬ ನಿಯಮವಿತ್ತು. ಹಿರಿಯರಲ್ಲಿ ಕೆಲವರ ಮನಸ್ಸಿನಲ್ಲಿ ಆ ನಿಯಮವೇ ಇನ್ನೂ ಉಳಿದಿದೆ. ಆದರೆ 1983ರ ಸಂಹಿತೆಯಲ್ಲಿ ಅದು ಇಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ತನ್ನ 2282 ಮತ್ತು 2283ನೇ ಪರಿಚ್ಛೇದಗಳಲ್ಲಿ ಎರಡು ಮಾತುಗಳನ್ನು ಸ್ಪಷ್ಟಪಡಿಸುತ್ತದೆ. ಮನಸ್ಸಿನ ತೀವ್ರ ಅಸ್ವಸ್ಥತೆ, ಸಂಕಟ, ಭಯ ಇವು ಆ ಕೃತ್ಯದ ಹೊಣೆಯನ್ನು ಕಡಿಮೆ ಮಾಡಬಲ್ಲವು. ಅಲ್ಲದೆ, ಹಾಗೆ ತೀರಿಕೊಂಡವರ ನಿತ್ಯರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದು. ದೇವರಿಗೆ ಮಾತ್ರ ತಿಳಿದ ದಾರಿಯಲ್ಲಿ ಅವರಿಗೆ ಪಶ್ಚಾತ್ತಾಪದ ಅವಕಾಶ ಸಿಗಬಹುದು. ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ.

ಆರ್ಸ್ ಗ್ರಾಮದ ಗುರುವಾಗಿದ್ದ ಸಂತ ಜಾನ್ ಮರಿಯ ವಿಯಾನ್ನಿಯವರ ಜೀವನಚರಿತ್ರೆಗಳಲ್ಲಿ ಒಂದು ಪ್ರಸಂಗ ಬರುತ್ತದೆ. ಗಂಡ ಸೇತುವೆಯಿಂದ ಹಾರಿ ಸತ್ತನೆಂದು ಒಬ್ಬ ವಿಧವೆ ಎದೆಯೊಡೆದುಕೊಂಡು ಅವರಲ್ಲಿಗೆ ಬಂದಿದ್ದಳು. ಆಕೆ ಬಾಯಿ ತೆರೆಯುವ ಮುನ್ನವೇ ಸಂತರು ಸಮಾಧಾನ ಹೇಳಿದರಂತೆ: ಸೇತುವೆಗೂ ನೀರಿಗೂ ನಡುವೆ ಪಶ್ಚಾತ್ತಾಪ ಪಡಲು ಅವನಿಗೆ ಸಮಯವಿತ್ತು. ದೇವರ ದಯೆಯ ಅಳತೆ ಅದು.

ನಾನು ಇಷ್ಟು ಹೇಳಿದ ಮೇಲೆ ಆ ಹಿರಿಯರು ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದರು. “ಅವರಮ್ಮನಿಗೆ ಇದನ್ನ ಹೇಳ್ತೀನಿ ಫಾದರ್” ಎಂದರು. ವೈಟ್‌ಫೀಲ್ಡ್ ಬಂತು, ಕ್ಯಾರಿಯರ್ ಹಿಡಿದು ಜನರ ನಡುವೆ ಇಳಿದುಹೋದರು.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂತಹ ಸಾವು ಸಂಭವಿಸಿದ್ದರೆ ತಲೆ ತಗ್ಗಿಸಿ ಮೂಲೆ ಸೇರಬೇಡಿ. ನಿಮ್ಮ ಗುರುಗಳ ಬಳಿ ಬಂದು ಅವರಿಗಾಗಿ ಪೂಜೆ ಹೇಳಿಸಿ, ಜಪಸರದಲ್ಲಿ ಅವರ ಹೆಸರನ್ನು ನೆನೆಯಿರಿ. ಇದನ್ನು ಓದುತ್ತಿರುವ ಯಾರಿಗಾದರೂ ಬದುಕೇ ಸಾಕೆನಿಸಿದ್ದರೆ ಇಂದೇ ಒಬ್ಬರ ಬಳಿ ಬಾಯಿಬಿಟ್ಟು ಹೇಳಿ. ಮನೆಯವರಾಗಲಿ, ಗುರುಗಳಾಗಲಿ, ವೈದ್ಯರಾಗಲಿ ಯಾರಾದರೂ ಸರಿ. ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ವೈದ್ಯರ ಸಹಾಯ ಪಡೆಯುವುದು ವಿಶ್ವಾಸದ ಕೊರತೆಯಲ್ಲ.

ಕಾರ್ಡಿನ ಹಿಂದಿನ ಮನುಷ್ಯ

ಫ್ರಾನ್ಸಿನ ತತ್ವಜ್ಞಾನಿ ಗೇಬ್ರಿಯಲ್ ಮಾರ್ಸೆಲ್ ಎಂಬವರು ಮೊದಲ ಮಹಾಯುದ್ಧದ ಕಾಲದಲ್ಲಿ ರೆಡ್ ಕ್ರಾಸ್ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಯುದ್ಧದಲ್ಲಿ ಕಾಣೆಯಾದ ಸೈನಿಕರ ಸುದ್ದಿ ಹುಡುಕುವುದು ಅವರ ಕೆಲಸ. ಒಬ್ಬೊಬ್ಬ ಸೈನಿಕನಿಗೆ ಒಂದೊಂದು ಕಾರ್ಡು. ಅದರಲ್ಲಿ ಹೆಸರು ಮತ್ತು ಕೆಲವು ವಿವರ. ಆದರೆ ಮಗನನ್ನೋ ಗಂಡನನ್ನೋ ಹುಡುಕುತ್ತಾ ಬಂದವರ ಜೊತೆ ಮಾತನಾಡುತ್ತಾ ಹೋದಂತೆ ಅವರಿಗೆ ಅದು ಬರೀ ಕಾರ್ಡಾಗಿ ಕಾಣಲಿಲ್ಲ. ಅದರ ಹಿಂದೆ ಒಬ್ಬ ಜೀವಂತ ಮನುಷ್ಯ, ಅವನಿಗಾಗಿ ಕಾಯುವ ಒಂದು ಮನೆ ಕಂಡಿತು. ಒಬ್ಬನನ್ನು ‘ಅವನು’ ಎಂದು ದೂರದಿಂದ ನೋಡುವುದಕ್ಕೂ ‘ನೀನು’ ಎಂದು ಎದುರುಗೊಳ್ಳುವುದಕ್ಕೂ ಎಷ್ಟು ಅಂತರವಿದೆ ಎಂಬುದು ಅವರ ಮುಂದಿನ ಚಿಂತನೆಗೆಲ್ಲ ಬುನಾದಿಯಾಯಿತು. ಮತ್ತೊಬ್ಬರಿಗೆ ನಮ್ಮನ್ನು ತೆರೆದುಕೊಟ್ಟು ಲಭ್ಯರಾಗಿರುವುದನ್ನು ಅವರು ದೊಡ್ಡ ಗುಣವೆಂದು ಕಲಿಸಿದರು. ಅವರು ಕಥೋಲಿಕ ಧರ್ಮಸಭೆಯಲ್ಲಿ ಸ್ನಾನದೀಕ್ಷೆ ಪಡೆದದ್ದು 1929ರಲ್ಲಿ.

ರೈಲಿನ ಎದುರು ಸೀಟಿನಲ್ಲಿರುವವರು ನಮಗೆ ಏನಾಗಿದ್ದಾರೆ? ಒಂದು ಕಾರ್ಡು ಮಾತ್ರ: ‘ನೀಲಿ ಚೀಲದವನು’, ‘ಮಾಲೂರಿನಲ್ಲಿ ಹತ್ತುವವಳು’. ಎರಡನೆಯ ಪ್ರಶ್ನೆ ಆ ಕಾರ್ಡನ್ನು ಮನುಷ್ಯನನ್ನಾಗಿ ಮಾಡುತ್ತದೆ.

ಪವಿತ್ರಗ್ರಂಥವೂ ಇದನ್ನೇ ಕಲಿಸುತ್ತದೆ. ಆದಿಕಾಂಡದಲ್ಲಿ ದೇವರು ಕಾಯಿನನಿಗೆ ಕೇಳಿದ ಪ್ರಶ್ನೆಯನ್ನು ನೆನೆಯಿರಿ: ನಿನ್ನ ತಮ್ಮ ಎಲ್ಲಿ? ಅವನ ಕಾವಲು ನನ್ನ ಕೆಲಸವೇ ಎಂದು ಕಾಯಿನ ಕೈತೊಳೆದುಕೊಂಡ. ದಿನವೂ ತುಂಬಿದ್ದ ಸೀಟು ಒಂದು ದಿನ ಖಾಲಿಯಾದಾಗ ದೇವರು ನಮಗೂ ಅದೇ ಪ್ರಶ್ನೆ ಕೇಳುತ್ತಾರೆ. ಇನ್ನು, ತಿಬೇರಿಯ ಸರೋವರದ ತೀರವನ್ನು ನೋಡಿ. ರಾತ್ರಿಯಿಡೀ ಬಲೆ ಬೀಸಿ ಬರಿಗೈಲಿ ಮರಳುತ್ತಿದ್ದ ಶಿಷ್ಯರಿಗೆ ದಡದಲ್ಲಿ ನಿಂತ ಅಪರಿಚಿತರೊಬ್ಬರು ಕೇಳಿದ್ದು, ಊಟಕ್ಕೆ ಏನಾದರೂ ಸಿಕ್ಕಿತೇ ಎಂದು. ದಡಕ್ಕೆ ಬಂದರೆ ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಮರಣವನ್ನು ಗೆದ್ದು ಬಂದ ಪ್ರಭು ತಮ್ಮ ಶಿಷ್ಯರನ್ನು ಬೆಳಗಿನ ತಿಂಡಿಗೆ ಕರೆದರು! ನಮ್ಮ ನಾಡಿನಲ್ಲಿ ಒಬ್ಬರಿಗೊಬ್ಬರು ಮೊದಲು ಕೇಳುವುದು ‘ಊಟ ಆಯ್ತಾ’ ಎಂದೇ ಅಲ್ಲವೇ? ಅದು ಎಷ್ಟು ಪವಿತ್ರವಾದ ಪ್ರಶ್ನೆ ಎಂದು ಇದರಿಂದ ತಿಳಿಯಿರಿ.

ಪೋಪ್ ಫ್ರಾನ್ಸಿಸ್ ಅವರು 2020ರಲ್ಲಿ ಹೊರಡಿಸಿದ ‘ಫ್ರತೆಲ್ಲಿ ತುತ್ತಿ’ ಎಂಬ ವಿಶ್ವಪತ್ರದಲ್ಲಿ ಒಂದು ಇಡೀ ಅಧ್ಯಾಯವನ್ನು ದಾರಿಯಲ್ಲಿ ಸಿಕ್ಕ ಅಪರಿಚಿತನಿಗೇ ಮೀಸಲಿಟ್ಟರು. ಒಳ್ಳೆಯ ಸಮಾರಿಯದವನ ಸಾಮತಿಯ ಧ್ಯಾನ ಅದು. ಗಾಯಗೊಂಡವನನ್ನು ಕಂಡೂ ಬಳಸಿಕೊಂಡು ಹೋದ ಯಾಜಕನೂ ಲೇವಿಯನೂ ಕೆಟ್ಟ ಕೆಲಸವನ್ನೇನೂ ಮಾಡಲಿಲ್ಲ. ಅವರು ಏನನ್ನೂ ಮಾಡಲಿಲ್ಲ. ಅದೇ ಅವರ ಮೇಲಿನ ತೀರ್ಪು.

ಒಂದು ಎಚ್ಚರಿಕೆ

ಹಾಗೆಂದು ಕಂಡಕಂಡವರ ಬದುಕನ್ನು ಕೆದಕಿ ಎಂದು ನಾನು ಹೇಳುತ್ತಿಲ್ಲ. ಒಂಟಿಯಾಗಿ ಪ್ರಯಾಣ ಮಾಡುವ ಹೆಣ್ಣುಮಕ್ಕಳು, ಮಕ್ಕಳು ಅಪರಿಚಿತರ ಮಾತಿಗೆ ಹಿಂಜರಿಯುವುದಕ್ಕೆ ಕಾರಣವಿದೆ. ಆ ಹಿಂಜರಿಕೆಯನ್ನು ಗೌರವಿಸಬೇಕು. ಕುತೂಹಲ ಬೇರೆ, ಕಾಳಜಿ ಬೇರೆ. ಕುತೂಹಲಕ್ಕೆ ಸುದ್ದಿ ಸಿಕ್ಕರೆ ಸಾಕು, ಅದು ಮುಂದಿನ ನಿಲ್ದಾಣದಲ್ಲಿ ಇನ್ನೊಬ್ಬರ ಕಿವಿ ಹುಡುಕುತ್ತದೆ. ಕಾಳಜಿ ಕೇಳಿದ್ದನ್ನು ತನ್ನಲ್ಲೇ ಇಟ್ಟುಕೊಂಡು ಪ್ರಾರ್ಥಿಸುತ್ತದೆ.

ಯೇಸುಸ್ವಾಮಿಯೂ ಬಲವಂತ ಮಾಡಲಿಲ್ಲ. ಎಮ್ಮಾವು ಹತ್ತಿರವಾದಾಗ ತಾವು ಇನ್ನೂ ಮುಂದಕ್ಕೆ ಹೋಗುವವರಂತೆ ಕಂಡರು. ಹೊತ್ತು ಮುಳುಗಿತು, ನಮ್ಮಲ್ಲೇ ಉಳಿಯಿರಿ ಎಂದು ಒತ್ತಾಯಿಸಿದವರು ಶಿಷ್ಯರು. ಬಾಗಿಲು ತೆರೆಯುವ ಅಧಿಕಾರವನ್ನು ಪ್ರಭು ಮನೆಯವರಿಗೇ ಬಿಟ್ಟರು.

ಮನೆಯೊಳಗಿನ ಅಪರಿಚಿತರು

ಕುಟುಂಬದ ಪುಟದಲ್ಲಿ ರೈಲಿನ ಮಾತೇಕೆ ಎಂದು ನೀವು ಕೇಳಬಹುದು. ಅಪರಿಚಿತರು ರೈಲಿನಲ್ಲಿ ಮಾತ್ರ ಇದ್ದಾರೆಯೇ? ರಾತ್ರಿ ಒಂಬತ್ತಕ್ಕೆ ಮನೆ ಸೇರುವ ಗಂಡ, ಎರಡು ಮನೆಯ ಕೆಲಸ ಮುಗಿಸಿ ಬಂದ ಹೆಂಡತಿ, ಕೋಣೆಯ ಬಾಗಿಲು ಹಾಕಿಕೊಂಡ ಮಗ, ಮೂಲೆಯ ಮಂಚದಲ್ಲಿ ಜಪಸರ ಹಿಡಿದ ಅಜ್ಜಿ ಇವರೆಲ್ಲ ಒಂದೇ ಬೋಗಿಯ ಪ್ರಯಾಣಿಕರಂತೆ ಆಗಿಲ್ಲವೇ? “ಪರೀಕ್ಷೆ ಹೇಗಾಯ್ತು?” “ಚೆನ್ನಾಗಾಯ್ತು.” “ಮೈ ಹೇಗಿದೆ ಅಮ್ಮ?” “ಚೆನ್ನಾಗಿದೆ ಕಣೋ.” ಇವೆಲ್ಲ ಮೊದಲನೆಯ ಪ್ರಶ್ನೆಗಳು, ಮೊದಲನೆಯ ಉತ್ತರಗಳು. ಯಾವ ಪ್ರಶ್ನೆ ಕಷ್ಟವಾಯಿತು ಮಗನೇ, ರಾತ್ರಿ ನಿದ್ದೆ ಎಷ್ಟು ಗಂಟೆಗೆ ಬಂತು ಅಮ್ಮ ಎಂದು ಇನ್ನೊಮ್ಮೆ ಕೇಳಿ, ಉತ್ತರ ಬರುವವರೆಗೆ ಅಲ್ಲೇ ಕುಳಿತಿರಿ. ಮನೆಯ ಸಾಲ, ಮನೆಯ ದುಗುಡ ಎಷ್ಟೋ ಸಲ ಆ ಎರಡನೆಯ ಪ್ರಶ್ನೆಗಾಗಿ ಕಾದಿರುತ್ತದೆ.

ನಮ್ಮ ಗುಡಿಗಳಲ್ಲೂ ಹೀಗೆಯೇ. ಹತ್ತು ವರ್ಷಗಳಿಂದ ಭಾನುವಾರದ ಪೂಜೆಯಲ್ಲಿ ಒಂದೇ ಬೆಂಚಿನಲ್ಲಿ ಮೊಣಕಾಲೂರಿದವರ ಹೆಸರು ನಿಮಗೆ ಗೊತ್ತೇ? ಶಾಂತಿಯನ್ನು ಹಂಚಿಕೊಳ್ಳುವಾಗ ಕೈ ಮುಗಿಯುತ್ತೇವೆ. ಪೂಜೆ ಮುಗಿದ ಮೇಲೆ ಗೇಟಿನ ಬಳಿ ಅವರು ಯಾರೋ, ನಾವು ಯಾರೋ. ಮೂರು ಭಾನುವಾರ ಆ ಜಾಗ ಖಾಲಿಯಿದ್ದರೆ ಯಾರಿಗೆ ತಿಳಿಯುತ್ತದೆ? ಈ ವಾರ ಮೂರು ಕೆಲಸ ಮಾಡೋಣ. ದಿನಾ ನೋಡುವ, ಹೆಸರು ತಿಳಿಯದ ಒಬ್ಬರ ಹೆಸರು ತಿಳಿದುಕೊಳ್ಳೋಣ. ಮನೆಯಲ್ಲಿ ಒಬ್ಬರಿಗೆ ಎರಡನೆಯ ಪ್ರಶ್ನೆ ಕೇಳೋಣ. ಕಾಣದೇ ಹೋದ ಒಬ್ಬರ ಮನೆಯನ್ನು ಹುಡುಕಿಕೊಂಡು ಹೋಗೋಣ.

ಎಮ್ಮಾವಿನ ಶಿಷ್ಯರು ಅಪರಿಚಿತರನ್ನು ಗುರುತಿಸಿದ್ದು ಯಾವಾಗ? ಅವರು ರೊಟ್ಟಿಯನ್ನು ಮುರಿದಾಗ. ಗುರುತಿಸಿದ ಮರುಗಳಿಗೆಯೇ ಅವರು ಕಣ್ಮರೆಯಾದರು. ಆ ಇಬ್ಬರು ಮನೆಯಲ್ಲಿ ಕುಳಿತು ದುಃಖಿಸಲಿಲ್ಲ. ಅದೇ ರಾತ್ರಿ ಬಂದ ದಾರಿಯಲ್ಲೇ ಜೆರುಸಲೇಮಿಗೆ ಹಿಂತಿರುಗಿ ಉಳಿದವರನ್ನು ಸೇರಿಕೊಂಡರು. ಪ್ರತಿ ಭಾನುವಾರ ಅದೇ ರೊಟ್ಟಿಯನ್ನು ಪರಮ ಪ್ರಸಾದವಾಗಿ ಸ್ವೀಕರಿಸುವ ನಮಗೂ, ಸೋಮವಾರದ ಮುಂಜಾನೆ ಹಿಡಿಯಲು ಒಂದು ದಾರಿ ಇದೆ.

ಪ್ರಭುವೇ, ನಾವು ‘ಚೆನ್ನಾಗಿದ್ದೇವೆ’ ಎಂದಾಗಲೂ ನಮ್ಮನ್ನು ಬಿಟ್ಟುಹೋಗದೆ ಇನ್ನೊಮ್ಮೆ ಕೇಳುವವರು ನೀವು. ನಮ್ಮ ಪಕ್ಕದಲ್ಲಿ ಕುಳಿತವರ ಮುಖವನ್ನು ನೋಡುವ ಕಣ್ಣು, ಕೇಳುವ ಬಾಯಿ, ಉತ್ತರಕ್ಕೆ ಕಾಯುವ ತಾಳ್ಮೆಯನ್ನು ನಮಗೆ ಕೊಡಿ. ಯಾರೂ ಕೇಳದೆ ಹೋದವರನ್ನು ನಿಮ್ಮ ಸನ್ನಿಧಿಯಲ್ಲಿ ಸೇರಿಸಿಕೊಳ್ಳಿ. ಆಮೆನ್.